ಕಣ್ಣಿನ ಪಕ್ಕದ ಚೀಲ

ಹೋದ ತಿಂಗಳು ನಮ್ಮತ್ತೆ ಆಪರೇಷನ್ ಟೇಬಲ್ ಮೇಲಿಂದ ಎದ್ದು ಹೊರಗೆ ನಡೆದು ಬಂದರು.

ಆಪರೇಷನ್ ಮುಗಿಸಿಕೊಂಡಲ್ಲ. ಶುರುವಾಗುವ ಮೊದಲೇ.

ನಾನು ನಿಪ್ಪಾಣಿಯ ಒಂದು ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಾಲೇಜಿನ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಬಾಗಿಲು ತೆರೆಯಿತು. ತಲೆಗೆ ನೀಲಿ ಟೋಪಿ, ಸೀರೆಯ ಮೇಲೆ ಹಸಿರು ಗೌನು, ಎಡಗಣ್ಣಿನ ಸುತ್ತ ಕಂದು ಬಣ್ಣದ ಔಷಧಿ ಹಚ್ಚಿಸಿಕೊಂಡು ಅತ್ತೆ ಬಂದರು. ಅವರ ಹಿಂದೆ ಸಿಸ್ಟರ್. ಸಿಸ್ಟರ್ ಹಿಂದೆ, ಕೈಗವಸು ಹಾಕಿದ ಎರಡೂ ಕೈಗಳನ್ನು ಎಲ್ಲಿಯೂ ತಾಗದ ಹಾಗೆ ಎದೆಯ ಮುಂದೆ ಎತ್ತಿ ಹಿಡಿದ ಡಾಕ್ಟರು. ಮೆರವಣಿಗೆ ನನ್ನ ಮುಂದೆ ಬಂದು ನಿಂತಿತು.

"ನಡಿ, ಮನಿಗಿ ಹೋಗೂಣು," ಅಂದರು ಅತ್ತೆ.

ಏನಾಯಿತು ಅಂತ ಕೇಳಿದೆ. ಏನೂ ಆಗಿಲ್ಲ ಅಂದರು. (ನಿಜ. ಏನೂ ಆಗಿರಲಿಲ್ಲ. ಅದೇ ಸಮಸ್ಯೆ.)

ಸಿಸ್ಟರ್ ಹೇಳಿದ್ದು ಇಷ್ಟು. ಕಣ್ಣಿಗೆ ಡ್ರಾಪ್ಸ್ ಹಾಕಿದಾಗ ಅಜ್ಜಿ ಸುಮ್ಮನಿದ್ದರು. ಔಷಧಿ ಹಚ್ಚಿದಾಗಲೂ ಸುಮ್ಮನಿದ್ದರು. ಮುಖದ ಮೇಲೆ ಡ್ರೇಪ್ ಹಾಕಲು ಹೋದಾಗ ಮಾತ್ರ ಅದನ್ನು ಕೈಯಿಂದ ಹಿಡಿದು ಪಕ್ಕಕ್ಕೆ ತಳ್ಳಿ ಎದ್ದು ಕೂತುಬಿಟ್ಟರು. ಸಿಸ್ಟರ್ "ಆಜಿ, ಹಲೂ ನಕಾ" ಅಂತ ಮರಾಠಿಯಲ್ಲಿ ಬೇಡಿಕೊಂಡರಂತೆ, ಅಲ್ಲಾಡಬೇಡಿ ಅಂತ. ಆಮೇಲೆ ಕನ್ನಡದಲ್ಲೂ ಬೇಡಿಕೊಂಡರಂತೆ. ನಮ್ಮತ್ತೆಗೆ ಎರಡೂ ಭಾಷೆ ಚೆನ್ನಾಗಿ ಬರುತ್ತವೆ. ಆ ಹೊತ್ತಿನಲ್ಲಿ ಎರಡೂ ಬರಲಿಲ್ಲ.

ಡ್ರೇಪ್ ಅಂದರೆ ಆಪರೇಷನ್ ಮಾಡುವಾಗ ಮೈಮೇಲೆ ಹೊದಿಸುವ, ಕ್ರಿಮಿಯಿಲ್ಲದ ಹೊದಿಕೆ. ಕೊಯ್ಯುವ ಜಾಗವೊಂದು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚುತ್ತದೆ. ಹೊಟ್ಟೆಯ ಆಪರೇಷನ್ನಾದರೆ ಹೊಟ್ಟೆ ಕಾಣುತ್ತದೆ. ಕಣ್ಣಿನದಾದರೆ ಕಣ್ಣು ಮಾತ್ರ. ಅಂದರೆ ಮುಖವೆಲ್ಲ ಮುಚ್ಚಿಹೋಗುತ್ತದೆ.

ಈ ಸಣ್ಣ ಲೆಕ್ಕ ನಮಗ್ಯಾರಿಗೂ ಹೊಳೆದಿರಲಿಲ್ಲ.

ಅತ್ತೆಯ ಹೆಸರು ಅಕ್ಕಾತಾಯಿ. ಊರು ಭೋಜ. ನಮ್ಮದು ಕಬ್ಬು ಬೆಳೆಯುವ ಜೈನರ ಮನೆ. ಅತ್ತೆ ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಬಟ್ಟೆಯಲ್ಲಿ ಸೋಸದ ನೀರು ಕುಡಿಯುವುದಿಲ್ಲ. ನಲ್ಲಿಯ ಬಾಯಿಗೆ ಕಟ್ಟಿದ ಆ ಬಿಳಿ ಬಟ್ಟೆಯನ್ನು ಅವರೇ ಒಗೆದು, ಅವರೇ ಒಣಗಿಸಿ, ಅವರೇ ಕಟ್ಟಬೇಕು. ಅವರು ಮಡಿಯಲ್ಲಿದ್ದಾಗ ಅಡುಗೆಮನೆಯಲ್ಲಿ ಏನನ್ನೂ ಮುಟ್ಟುವ ಹಾಗಿಲ್ಲ. ಸೊಸೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಶಬ್ದ "ಮುಟ್ಟಬ್ಯಾಡ".

ಇಂಥವರ ಕಣ್ಣಿಗೆ ಪೊರೆ ಬಂತು. ಬಲಗಣ್ಣಿಗೆ ಸ್ವಲ್ಪ, ಎಡಗಣ್ಣಿಗೆ ಪೂರ್ತಿ.

ಎಲ್ಲರಿಗೂ ಬರುತ್ತದೆ ಬಿಡಿ ಅಂತೀರಾ? ನಾನೂ ಹಾಗೇ ಅಂದಿದ್ದೆ. ಆದರೆ ಅತ್ತೆ ಮೊದಲು ಹೆಸರುಕಾಳು ಬಿಟ್ಟರು. ಆಮೇಲೆ ತೊಗರಿಬೇಳೆ ಬಿಟ್ಟರು. ಆಮೇಲೆ ಹಿಟ್ಟಿನ ಯಾವ ಪದಾರ್ಥವೂ ಬೇಡ ಅಂದರು. ಹಾಲು, ಅನ್ನ, ಅಷ್ಟೇ. ಯಾಕೆ? ಕಾಳಿನಲ್ಲಿ ಹುಳ ಕಂಡರೆ ಆರಿಸಿ ಹೊರಗೆ ಬಿಡಬಹುದು. ಕಾಣದ ಹುಳವನ್ನು ಏನು ಮಾಡುವುದು? ಕುದಿಸುವುದು. ಅದು ಅವರಿಂದ ಆಗುವುದಿಲ್ಲ. (ಬಿಳಿ ಅಕ್ಕಿಯಲ್ಲಿ ಕಪ್ಪು ಹುಳ ಮಾತ್ರ ಅವರಿಗೆ ಇನ್ನೂ ಕಾಣುತ್ತಿತ್ತು.) ನಾನು ಆರಿಸಿ ಕೊಡುತ್ತೇನೆ ಅಂದೆ. ನಿನ್ನ ಕಣ್ಣು ಓದಾಕ ಚೊಲೋ ಅದಾವ ಅಂದರು. ಅದನ್ನು ಹೊಗಳಿಕೆ ಅಂತ ತಿಳಿದುಕೊಳ್ಳುವಷ್ಟು ದಡ್ಡಿ ನಾನಲ್ಲ.

ಅವರ ಕುಪ್ಪಸಗಳಿಗೆಲ್ಲ ಒಳಹೊಲಿಗೆ ಹಾಕಿಸಬೇಕಾಯಿತು. ಬಳುಕುವ ಹಾಗಾದರು. ಆಪರೇಷನ್ ಅನ್ನುವುದು ನಮ್ಮ ಮನೆಯಲ್ಲಿ ಕಣ್ಣಿನ ಪ್ರಶ್ನೆಯಾಗಿ ಉಳಿದಿರಲಿಲ್ಲ. ಹೊಟ್ಟೆಯ ಪ್ರಶ್ನೆಯಾಗಿತ್ತು.

ಟೇಬಲ್ ಬಿಟ್ಟು ಎದ್ದು ಬಂದ ಮೇಲೆ ಮನೆಯಲ್ಲಿ ಎಲ್ಲರೂ ಡಾಕ್ಟರಾದರು. ನನ್ನ ಗಂಡ ಸೂಜಿಗೆ ಹೆದರ್ಯಾಳ ಅಂದರು. (ಸೂಜಿ ಇರಲೇ ಇಲ್ಲ, ಡ್ರಾಪ್ಸ್ ಇತ್ತು.) ಅಥಣಿಯಿಂದ ನಾದಿನಿ ಫೋನ್ ಮಾಡಿ, ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು ಅಂದಳು. ಕರೆದೊಯ್ಯಲು ತಾನು ಬರುತ್ತೇನೆ ಅಂತ ಅನ್ನಲಿಲ್ಲ. ಅತ್ತೆ ಹಾಲು ಅನ್ನ ಉಂಡರು.

ನನಗೆ ವಿಷಯ ತಿಳಿದದ್ದು ಸ್ಕೂಟರಿನಿಂದಾಗಿ.

ನಿಪ್ಪಾಣಿಯಿಂದ ಭೋಜಕ್ಕೆ ಸ್ಕೂಟರ್ ಮೇಲೆ ಬರುವ ಯಾವ ಹೆಣ್ಣಿನ ಮುಖವೂ ಕಾಣುವುದಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಧೂಳಿಗೆ ನಾವೆಲ್ಲ ಸ್ಕಾರ್ಫ್ ಸುತ್ತಿಕೊಂಡು, ಬರೀ ಕಣ್ಣು ಬಿಟ್ಟುಕೊಂಡು ಓಡಾಡುತ್ತೇವೆ. ನಾನು ಹಾಗೆ ಬಂದು ಗಾಡಿ ನಿಲ್ಲಿಸಿದಾಗಲೆಲ್ಲ ಮನೆ ಮುಂದಿನ ಕಟ್ಟೆಯ ಮೇಲಿನಿಂದ ಅತ್ತೆ ಹೇಳುವ ಮೊದಲ ಮಾತು, ಮೊದಲು ಮಾರಿ ಮೇಲಿನ ಅರಿವಿ ತಗಿ. ನಮ್ಮ ಕಡೆ ಮಾರಿ ಅಂದರೆ ಮುಖ, ಅರಿವಿ ಅಂದರೆ ಬಟ್ಟೆ. ಅದು ಅತ್ತೆಯರ ಸಾವಿರ ಕಾಯಿದೆಗಳಲ್ಲಿ ಒಂದು ಅಂತ ನಾನು ತಿಳಿದಿದ್ದೆ. ಕಾಯಿದೆಗೆ ಕಾರಣ ಕೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ಟೇಬಲ್ ಬಿಟ್ಟು ಬಂದ ಅದೇ ವಾರ ಒಂದು ದಿನ ಮತ್ತೆ ಹಾಗೆಂದಾಗ ಕೇಳಿದೆ. ಯಾಕ್ರಿ ಅತ್ತಿ?

ನಾನು ಪಕ್ಕದಲ್ಲಿ ಕೂತೆ.

ನಮ್ಮ ಮಾವ ತೀರಿಕೊಂಡದ್ದು ಮಿರಜದ ಒಂದು ಆಸ್ಪತ್ರೆಯಲ್ಲಿ. ನನ್ನ ಮದುವೆಗೂ ಮೊದಲಿನ ಮಾತು. ಅತ್ತೆ ಬಾಟಲಿಗೆ ನೀರು ತುಂಬಲು ಕೆಳಗೆ ಹೋಗಿದ್ದರು. ತಮ್ಮ ಸೆರಗಿನ ತುದಿಯಲ್ಲಿ ಸೋಸಿ ತುಂಬಿಕೊಂಡು ಮೇಲೆ ಬಂದರು. ಬರುವಷ್ಟರಲ್ಲಿ ಮಾವನ ಮುಖದ ಮೇಲೆ ಹಾಸಿಗೆಯ ಬಟ್ಟೆ ಎಳೆದಾಗಿತ್ತು. ಎಳೆದ ಸಿಸ್ಟರ್ ಮುಂದಿನ ಹಾಸಿಗೆಯ ಹತ್ತಿರ ಹೋಗಿ ಬೇರೆಯವರ ಜ್ವರ ನೋಡುತ್ತಿದ್ದರು.

"ಯಾರೂ ಏನೂ ಹೇಳ್ಲಿಲ್ಲ. ಅರಿವಿ ನೋಡಿ ನಾನ ತಿಳ್ಕೊಂಡ್ನಿ."

ಬಾಟಲಿ ಹಿಡಿದುಕೊಂಡು ಹಾಗೇ ನಿಂತಿದ್ದರಂತೆ. ಅಳಲಿಲ್ಲವಂತೆ. ಊರಿಗೆ ಬಂದ ಮೇಲೂ ಅಳಲಿಲ್ಲ. ಅಕ್ಕಾತಾಯಿ ಗಂಡ ಸತ್ತಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ ಅಂತ ಈಗಲೂ ಹೇಳುವವರು ಭೋಜದಲ್ಲಿದ್ದಾರೆ. ನನಗೂ ಹೇಳಿದ್ದಾರೆ. ಗಟ್ಟಿ ಹೆಂಗಸು ಅನ್ನುವ ಅರ್ಥದಲ್ಲಿ ಕೆಲವರು, ಬೇರೆ ಅರ್ಥದಲ್ಲಿ ಕೆಲವರು.

ಆಪರೇಷನ್ ಟೇಬಲ್ ಮೇಲೆ ಏನಾಯಿತು ಅಂತಲೂ ಹೇಳಿದರು. "ಡಾಕ್ಟರ್ ಕೈಯಾಗ ಅದನ್ನ ನೋಡಿದ್ನಿ. ಅಲ್ಲಿ ಮಲಗಿದಾಕಿ ನಾ ಅಂತ ಅನಸಲಿಲ್ಲ ನನಗ. ನಿಮ್ಮ ಮಾವ ಮಲಗ್ಯಾರ ಅನಿಸ್ತು."

ನಾನು ಮರುದಿನವೇ ಡಾಕ್ಟರ ಹತ್ತಿರ ಹೋದೆ. ಚಿಕ್ಕ ವಯಸ್ಸಿನವರು, ಚಿಕ್ಕೋಡಿ ಕಡೆಯವರು. ಗಡಿಬಿಡಿಯ ಮನುಷ್ಯ. ನಗುತ್ತಾರೇನೋ ಅಂದುಕೊಂಡಿದ್ದೆ. ನಗಲಿಲ್ಲ. ತಾನು ಅಷ್ಟೊಂದು ಮುಖ ಮುಚ್ಚಿದ್ದೇನೆ, ಇದು ತಲೆಗೇ ಬಂದಿರಲಿಲ್ಲ ಅಂದರು. ಆಮೇಲೆ ಡ್ರೇಪಿನ ಬಗ್ಗೆ ನನಗೆ ಒಂದು ಪಾಠ ಮಾಡಿದರು. ಕೇಳಿಸಿಕೊಂಡೆ. (ಪಾಠ ಮಾಡುವವರಿಗೆ ಪಾಠ ಕೇಳುವ ಯೋಗ ಅಪರೂಪ.)

ಮೊದಲೆಲ್ಲ ನಡುವೆ ತೂತು ಇರುವ ಹಸಿರು ಬಟ್ಟೆ ಇತ್ತಂತೆ. ಒಗೆದು, ಉಗಿಯಲ್ಲಿ ಬೇಯಿಸಿ ಮತ್ತೆ ಬಳಸುವುದು. ಕಣ್ಣಿನ ಆಪರೇಷನ್‌ನಲ್ಲಿ ಉದ್ದಕ್ಕೂ ನೀರು ಹಾಯಿಸುತ್ತಲೇ ಇರಬೇಕು. ಬಟ್ಟೆ ಒದ್ದೆಯಾಗುತ್ತಿತ್ತು. ಒದ್ದೆ ಬಟ್ಟೆಯನ್ನು ದಾಟಿ ಕ್ರಿಮಿ ಬರುತ್ತದೆ. ನೀರು ಕಿವಿಗೆ ಹೋಗುತ್ತಿತ್ತು, ಕೂದಲಿಗೆ ಹೋಗುತ್ತಿತ್ತು, ಕುತ್ತಿಗೆಗೆ ಇಳಿದು ಪೇಷಂಟ್ ಬೆಚ್ಚಿ ಅಲ್ಲಾಡುತ್ತಿದ್ದರು. ಹಾಗಾಗಿ ಯಾರೋ ನೀರು ಹಿಡಿಯದ ಹಾಳೆ ಮಾಡಿದರು. ಇನ್ನ್ಯಾರೋ ಕಣ್ಣಿನ ಸುತ್ತ ಅಂಟು ಕೊಟ್ಟರು, ರೆಪ್ಪೆಯ ಕೂದಲು ಅಡ್ಡ ಬರದಿರಲಿ ಅಂತ. ಮತ್ಯಾರೋ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕೂಡಿಸಿದರು. ಹರಿದ ನೀರೆಲ್ಲ ಅದರಲ್ಲಿ. ಕಿವಿ ಒಣ, ನೆಲ ಒಣ, ಸಿಸ್ಟರ್ ಕೈ ಒಣ.

ಯೋಚಿಸಿ ನೋಡಿ. ಪ್ರಪಂಚದ ಯಾವುದೋ ಮೂಲೆಯಲ್ಲಿ ಒಬ್ಬರು ಕೂತು ರೆಪ್ಪೆಯ ಕೂದಲಿನ ಬಗ್ಗೆ ಚಿಂತಿಸಿದ್ದಾರೆ. ಒಬ್ಬರು ಭೋಜದ ಮುದುಕಿಯ ಕಿವಿಯ ಬಗ್ಗೆ ಚಿಂತಿಸಿದ್ದಾರೆ. ಮುದುಕಿಯ ಬಗ್ಗೆ ಚಿಂತಿಸುವುದೊಂದನ್ನು ನಮಗೆ ಬಿಟ್ಟಿದ್ದರು. ನಾವು ಬೆಂಚಿನ ಮೇಲೆ ಕೂತು ಪೇಪರ್ ತಿದ್ದುತ್ತಿದ್ದೆವು.

ಡಾಕ್ಟರು ಅವಧಿ ಮೀರಿದ ಒಂದು ಪ್ಯಾಕೆಟ್ ಹುಡುಕಿ ಕೊಟ್ಟರು. ಮನೆಯಲ್ಲಿ ನೋಡಲಿ, ಮುಟ್ಟಲಿ, ಮುಖದ ಮೇಲೆ ಇಟ್ಟುಕೊಳ್ಳಲಿ. ಅಂಟಿನ ಮೇಲಿನ ಕಾಗದ ಮಾತ್ರ ಬಿಚ್ಚಬೇಡಿ, ಹುಬ್ಬು ಕಿತ್ತು ಬರುತ್ತದೆ ಅಂದರು.

ಅತ್ತೆ ಅದನ್ನು ಕಟ್ಟೆಯ ಮೇಲೆ ಹರಡಿಕೊಂಡು ಬೆರಳಿನಿಂದ ಪರೀಕ್ಷೆ ಮಾಡಿದರು. ಮೊದಲು ಚೀಲಕ್ಕೆ ಒಂದು ತಂಬಿಗೆ ನೀರು ಸುರಿದು ಎತ್ತಿ ಹಿಡಿದರು. ಸೋರಲಿಲ್ಲ. ಅಲ್ಲಿಂದ ಆ ವಸ್ತುವಿನ ಮೇಲೆ ಅವರಿಗೆ ಸ್ವಲ್ಪ ಗೌರವ ಬಂದ ಹಾಗೆ ಕಂಡಿತು. ಮರುದಿನ ಮಡಿಲಲ್ಲಿ ಇಟ್ಟುಕೊಂಡು ಕೂತರು. ಅದರ ಮರುದಿನ ನಾನು ಕಾಲೇಜಿನಿಂದ ಬಂದಾಗ ಕಟ್ಟೆಯ ಮೇಲೆ ಅಂಗಾತ ಮಲಗಿ, ಮುಖದ ಮೇಲೆ ಡ್ರೇಪ್ ಹಾಕಿಕೊಂಡಿದ್ದರು. ತೂತಿನಿಂದ ಒಂದು ಕಣ್ಣು ಆಕಾಶ ನೋಡುತ್ತಿತ್ತು.

ಅವತ್ತು ಹಾಲು ಹಾಕಲು ಬಂದವನು ಹಾಲು ಹಾಕದೆ ಹೋದನಂತೆ.

ಉಸಿರು ಆಡತೈತಿ ಅಂತ ಅತ್ತೆ ಒಳಗಿನಿಂದಲೇ ವರದಿ ಕೊಟ್ಟರು. ಆಮೇಲೆ ಎದ್ದು ಕೂತು ಎರಡು ಷರತ್ತು ಹಾಕಿದರು. ಹೊಚ್ಚುವ ಮೊದಲು ಡಾಕ್ಟರು ಬಾಯಿಬಿಟ್ಟು ಹೇಳಬೇಕು. ಮತ್ತೆ, ನಾನು ಒಳಗಿರಬೇಕು. ಗಂಡುಮಗನಲ್ಲ, ಮಗಳಲ್ಲ, ನಾನು. ಯಾಕೆ ಅಂತ ಈ ಸಲ ಕೇಳಲಿಲ್ಲ.

ಡಾಕ್ಟರು ಒಪ್ಪಿದರು. ಆಪರೇಷನ್ ದಿನ ನನಗೂ ಟೋಪಿ, ಮಾಸ್ಕ್, ಗೌನು, ಬೇರೆ ಚಪ್ಪಲಿ. ನೀಲಿ ಬಟ್ಟೆ ಹಾಸಿದ ಯಾವುದನ್ನೂ ಮುಟ್ಟಬಾರದು, ಅದರ ಹತ್ತಿರವೂ ಸುಳಿಯಬಾರದು, ಎಲ್ಲ ಸ್ಟೆರೈಲ್ ಅಂತ ಸಿಸ್ಟರ್ ಎಚ್ಚರಿಸಿದರು.

ಟೇಬಲ್ ಮೇಲಿಂದ ಅತ್ತೆ ಹೇಳಿದರು. "ಆಕಿಗೆ ಹೇಳಿ ಉಪಯೋಗಿಲ್ರಿ. ಇಷ್ಟ ವರ್ಸ ನಾ ಹೇಳೀನಿ."

ಡಾಕ್ಟರು ಬಗ್ಗಿ ಹೇಳಿದರು. "ಅವ್ವಾ, ಈಗ ಮಾರಿ ಮ್ಯಾಲ ಹಾಳಿ ಹೊಚ್ಚತೀನ್ರಿ. ನಿಮ್ಮ ಸೊಸಿ ಇಲ್ಲೇ ಅದಾರ."

ಹೊಚ್ಚಿದರು. ಬಾಗಿಸಿದ ಒಂದು ಸರಳಿನ ಮೇಲೆ ಅದು ಡೇರೆಯ ಹಾಗೆ ನಿಂತಿತು, ಮೂಗಿಗೆ ತಾಗಲಿಲ್ಲ. ಒಳಗೆ ಗಾಳಿಯ ಸಣ್ಣ ಪೈಪು. ನಾನು ಹಾಳೆಯ ಕೆಳಗಿನಿಂದ ಅವರ ಕೈ ಹಿಡಿದಿದ್ದೆ. ಅಥವಾ ಅವರು ನನ್ನದನ್ನು. ಬೆರಳು ನೋಯುತ್ತಿತ್ತು.

ಡಾಕ್ಟರು ಕೆಲಸ ಶುರು ಮಾಡಿದರು. ನೀರು ಹರಿಯತೊಡಗಿತು. ಕಣ್ಣಿನಲ್ಲಿ ತುಂಬಿ, ಹಾಳೆಯ ಮೇಲೆ ಜಾರಿ, ಪಕ್ಕದ ಚೀಲಕ್ಕೆ. ನಾನು ಚೀಲವನ್ನೇ ನೋಡುತ್ತಿದ್ದೆ. (ಕಣ್ಣನ್ನು ನೋಡುವ ಧೈರ್ಯ ಇರಲಿಲ್ಲ.)

ಡೇರೆಯೊಳಗಿನಿಂದ ಅತ್ತೆಯ ದನಿ ಬಂತು. "ನಾ ಅಳಾಕತ್ತೀನೇನ?"

ಇಲ್ಲ ಅವ್ವಾ, ಅದು ನಾವು ಹಾಕುವ ನೀರು ಅಂದರು ಡಾಕ್ಟರು.

ಆಮೇಲೆ ಅವರ ಕೈ ನನ್ನ ಕೈಯಲ್ಲಿ ಸಡಿಲವಾಯಿತು. ಎದೆ ಒಂದೆರಡು ಸಲ ಜೋರಾಗಿ ಏರಿ ಇಳಿಯಿತು. ಡಾಕ್ಟರು ಉಪಕರಣವನ್ನು ಮೇಲೆತ್ತಿ ಕಾದರು. ಏನಾಯಿತು ಅಂತ ಕೇಳಲಿಲ್ಲ. ಉಸಿರು ಸಮನಾದ ಮೇಲೆ ಮತ್ತೆ ಕೆಲಸ ಮಾಡಿದರು. ಆ ಗಡಿಬಿಡಿಯ ಮನುಷ್ಯನ ಬಗ್ಗೆ ನನಗೆ ಆವತ್ತಿನಿಂದ ಬೇರೆ ಅಭಿಪ್ರಾಯ ಇದೆ.

ಕಣ್ಣಿಗೆ ಪಟ್ಟಿ ಹಾಕಿ ಎಬ್ಬಿಸಿ ಕೂರಿಸಿದ ಮೇಲೆ ಅತ್ತೆ ಚೀಲ ನೋಡಬೇಕು ಅಂದರು. ಸಿಸ್ಟರ್ ಎತ್ತಿ ತೋರಿಸಿದರು. ಇನ್ನೊಂದು ಕಣ್ಣನ್ನು ಅದರ ಹತ್ತಿರ ಒಯ್ದು ನೋಡಿದರು.

"ಇಷ್ಟೂ ನೀವ ಹಾಕಿದ್ದೇನ್ರಿ?"

ಹೌದ್ರಿ ಅಂದರು ಡಾಕ್ಟರು.

"ಎಲ್ಲಾನೂ?"

ಡಾಕ್ಟರು ಮಾಸ್ಕಿನ ಮೇಲಿನಿಂದ ಒಮ್ಮೆ ನನ್ನ ಕಡೆ ನೋಡಿದರು. "ಎಲ್ಲಾನೂ," ಅಂದರು.

ಮರುದಿನ ಪಟ್ಟಿ ಬಿಚ್ಚಿದರು. ಅತ್ತೆ ಡಾಕ್ಟರನ್ನು ನೋಡಿದರು, ಗೋಡೆ ನೋಡಿದರು, ನನ್ನನ್ನು ನೋಡಿ ನೀ ಎಷ್ಟ ಸೊರಗೀದಿ ಅಂದರು. (ತಾವೇ ಒಳಹೊಲಿಗೆಯ ಕುಪ್ಪಸ ಹಾಕಿಕೊಂಡು.) ಡಾಕ್ಟರು ಹೇಳಿದಷ್ಟು ದಿನ ಕಪ್ಪು ಚಸ್ಮಾ ಹಾಕಿಕೊಂಡು ಕೂತರು. ಅವಧಿ ಮುಗಿದ ದಿನ ತೊಗರಿಬೇಳೆಯ ಡಬ್ಬಿ, ಮೊರ ತರಿಸಿಕೊಂಡರು. ನಾನು ಆರಿಸಿಟ್ಟ ಬೇಳೆ ಅದು. ಎಷ್ಟು ಹುಳ ಸಿಕ್ಕವು ಅನ್ನುವುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಎಲ್ಲವೂ ಜೀವಂತ ಹಿತ್ತಲು ಸೇರಿದವು. ಅತ್ತೆ ಆವತ್ತು ಸೂರ್ಯ ಮುಳುಗುವ ಮೊದಲು ಬೇಳೆಸಾರು ಉಂಡರು. ಎರಡು ಸಲ ನೀಡಿಸಿಕೊಂಡರು.

ಮೊನ್ನೆ ಮತ್ತೆ ಕಣ್ಣು ತೋರಿಸಲು ಹೋಗಿದ್ದೆವು. ಬೆಂಚಿನ ಮೇಲೆ ರಾಯಬಾಗ ಕಡೆಯ ಒಬ್ಬ ರೈತರು ಕೂತಿದ್ದರು. ದೊಡ್ಡ ಮೀಸೆ, ತಲೆಗೆ ನೀಲಿ ಟೋಪಿ. ಮಗ ಹೊರಗೆ ಫೋನಿನಲ್ಲಿದ್ದ. ಬೆಂಚಿನ ಅಂಚನ್ನು ಅವರು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು.

ಅತ್ತೆ ಹೋಗಿ ಪಕ್ಕದಲ್ಲಿ ಕೂತರು. ಯಾರೂ ಕೇಳದಿದ್ದರೂ ಎಲ್ಲ ಹೇಳಿದರು. ಮಾರಿ ಮೇಲೆ ಹಾಳಿ ಹೊಚ್ಚುತ್ತಾರೆ, ಉಸಿರು ಆಡುತ್ತದೆ, ಹೆದರಬೇಡಿ. ಕಣ್ಣಿನಿಂದ ನೀರು ಹರಿಯುತ್ತದೆ, ಅದು ನಿಮ್ಮದಲ್ಲ, ಡಾಕ್ಟರದು. ಪಕ್ಕದಲ್ಲಿ ಚೀಲ ಇರುತ್ತದೆ, ಅದರಲ್ಲಿ ಹೋಗುತ್ತದೆ.

ರೈತರು ತಲೆಯಾಡಿಸುತ್ತ ಕೇಳಿಸಿಕೊಂಡರು. ಮಗ ಇನ್ನೂ ಹೊರಗೇ ಇದ್ದಾನೆಯೇ ಅಂತ ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ಅದ್ರಾಗ ನಮ್ಮವೂ ಒಂದೆರಡ ಹನಿ ಬಂದ್ರ ಹ್ಯಾಂಗ್ರಿ, ಅವ್ವಾ?"

"ಅದ್ರಾಗ ಕೂಡ್ತಾವ," ಅಂದರು ಅತ್ತೆ. "ಯಾರಿಗೂ ಗೊತ್ತಾಗಂಗಿಲ್ಲ."

ಆ ಚೀಲ ಕಂಡುಹಿಡಿದವರು ಪೇಟೆಂಟ್ ಕೇಳುವಾಗ ಈ ಉಪಯೋಗವನ್ನು ಬರೆದಿರಲಿಕ್ಕಿಲ್ಲ.