ಸಾಲು ಕದಡುವ ಪೆಂಡ್ಸೆ ಕಾಕೂ
ಪುಣೆಯ ನಮ್ಮ ಕಚೇರಿಯಲ್ಲಿ ಆಸ್ಪತ್ರೆಯ ಔಷಧಿ ಪಂಪುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇವೆ. ಅದನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವವರು ಪೆಂಡ್ಸೆ ಕಾಕೂ; ಕಾಕೂ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಮುನ್ನೂರು ಪರೀಕ್ಷೆಗಳನ್ನು, ಒಂದೊಂದಕ್ಕೂ ಒಬ್ಬ ರೋಗಿಯಂತೆ, ಮಕ್ಕಳು, ಬಸುರಿಯರು, ಗಂಡಸರು, ಮುದುಕರು ಎಂದು ಗುಂಪು ಕಟ್ಟಿ, ತಾವೇ ಬರೆದ ನಾಲ್ಕು ಸಾಲಿನ ಪುಟ್ಟ ಪ್ರೋಗ್ರಾಮ್ ಹಾಕಿ, ದಿನಾ ಬೆಳಿಗ್ಗೆ ಅವುಗಳ ಸಾಲನ್ನು ಭೇಲ್‌ಪುರಿ ಕಲಸಿದಂತೆ ಕದಡಿಬಿಡುತ್ತಾರೆ. ತಿಂಡಿಯ ಅವಲಕ್ಕಿ ಪೋಹೆಗೆ ನಿಂಬೆ ಹಿಂಡುವಾಗಲೂ ಕಣ್ಣು ಪರದೆಯ ಮೇಲೇ. "ನಿನ್ನೆ ಪಾಸಾಗಿದ್ದು ಇವತ್ತು ಹೆಂಗ್ ಬಿತ್ತು ಕಾಕೂ?" ಎಂದು ಯಾರಾದರೂ ರೇಗಿದರೆ, "ನಿನ್ನೆ ಪಕ್ಕದೋರ ಹೆಗಲು ಹಿಡ್ಕೊಂಡು ನಿಂತಿತ್ತು ಕಣೋ, ಇವತ್ತು ಹೆಗಲು ಸರೀತು" ಎಂದು ನಗುತ್ತಾರೆ. ಮೊನ್ನೆ ಕೆಳಗೆ ಪಂಪುಗಳನ್ನು ಲಾರಿಗೆ ತುಂಬುವ ಹೊತ್ತಿಗೆ ಸರಿಯಾಗಿ ಒಂದು ಪರೀಕ್ಷೆ ಫೇಲಾಗಿ ಬಿತ್ತು. "ಇವತ್ತೊಂದಿನ ಹಳೇ ಸಾಲಲ್ಲೇ ಓಡಿಸಿ ಕಾಕೂ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಮ್ಯಾನೇಜರ್ ಬಾಪಟ್ ಗೋಗರೆದ. ಕಾಕೂ ಪರದೆಯನ್ನು ಅವನತ್ತ ತಿರುಗಿಸಿದರು. ಹಳೆಯ ಸಾಲಿನಲ್ಲಿ ಮಗುವಿನ ಸರದಿ ಯಾವಾಗಲೂ ಮೊದಲು ಬರುತ್ತಿತ್ತು. ಅಂದು ಎಂಬತ್ತು ಕಿಲೋದ ಗಂಡಸಿನ ಹಿಂದೆ ಬಂದಿತ್ತು. ಅವನ ಔಷಧಿಯ ಅಳತೆಯೇ ಪಂಪಿನಲ್ಲಿ ಉಳಿದುಕೊಂಡು ಮಗುವಿಗೂ ಅಷ್ಟೇ ಹರಿದಿತ್ತು. "ಇವಳ ಹೆಸರು ಚಿಂಗಿ, ಹನ್ನೊಂದು ಕಿಲೋ" ಎಂದರು ಕಾಕೂ. "ನಾನು ಕಲ್ಪಿಸ್ಕೊಂಡ ಮಗು ಬಾಪಟ್, ಅದಕ್ಕೇ ಇನ್ನೂ ಬದುಕಿದಾಳೆ." ಬಾಪಟ್ ಇಳಿದುಹೋಗಿ ಲಾರಿ ನಿಲ್ಲಿಸಿದ.