ಸಿಮೆಂಟು ಕಿತ್ತ ಸುಣ್ಣದಕ್ಕ

ಬೆಳಗಿನ ಐದೂಮುಕ್ಕಾಲು. ಬೀದಿದೀಪ ಇನ್ನೂ ಆರಿಲ್ಲ. ಹಾಲಿನ ಗಾಡಿ ಬಂದು ಹೋಗಿದೆ. ಊರಿನ ಹಳೆಯ ಲೈಬ್ರರಿಯ ಉತ್ತರದ ಗೋಡೆಗೆ ಕಿವಿ ಹಚ್ಚಿ ಒಬ್ಬ ಹೆಂಗಸು ನಿಂತಿದ್ದಾರೆ. ಕೈಯಲ್ಲಿ ಮರದ ಸುತ್ತಿಗೆ. ಅದರ ಹಿಡಿಯ ತುದಿಯಿಂದ ಗೋಡೆಗೆ ಮೆಲ್ಲಗೆ ಒಂದು ಪೆಟ್ಟು ಕೊಡುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಒಂದು ಗೇಣು ಸರಿದು ಮತ್ತೊಂದು ಪೆಟ್ಟು ಕೊಡುತ್ತಾರೆ. ಗೋಡೆಗೂ ಕಿವಿಯಿದೆ ಅನ್ನುವ ಮಾತು ನಮಗೆ ಗುಟ್ಟು ಹೇಳುವಾಗ ಮಾತ್ರ ನೆನಪಾಗುತ್ತದೆ. ಗೋಡೆಗೆ ಬಾಯಿಯೂ ಇದೆ ಎಂದು ನನಗೆ ಗೊತ್ತಾದದ್ದು ಇವರಿಂದ.

"ದಬ್ ಅಂದ್ರೆ ಗಟ್ಟಿಯಾಗಿದೆ. ಖಾಲಿ ಡಬ್ಬ ಬಡಿದ ಹಾಗೆ ಬಂದ್ರೆ ಒಳಗೆ ಬಿಟ್ಕೊಂಡಿದೆ. ಖಣ್ ಅಂದ್ರೆ..." ಎಂದು ನಿಲ್ಲಿಸಿ ಮುಖ ಹುಳ್ಳಗೆ ಮಾಡುತ್ತಾರೆ. "ಖಣ್ ಅಂದ್ರೆ ಸಿಮೆಂಟು."

ಪುರಸಭೆಯ ಕಡತದಲ್ಲಿ ಇವರ ಹುದ್ದೆ 'ಸಹಾಯಕಿ'. ಯಾರಿಗೆ ಸಹಾಯ, ಯಾವುದಕ್ಕೆ ಸಹಾಯ ಎಂದು ಕಡತ ಹೇಳುವುದಿಲ್ಲ. ಊರಿಗೆ ಇವರು ಸುಣ್ಣದಕ್ಕ. ಲೈಬ್ರರಿ, ಹಳೆಯ ಕೋರ್ಟು, ಗಡಿಯಾರದ ಗೋಪುರ, ಧಾನ್ಯದ ಉಗ್ರಾಣ, ಸೇತುವೆಯ ಸುಂಕದ ಕಟ್ಟೆ, ಹೆಣ್ಣುಮಕ್ಕಳ ಶಾಲೆ, ನೀರಿನ ಮನೆ. ಊರಿನ ಈ ಏಳು ಹಳೆಯ ಕಟ್ಟಡಗಳು ನಿಂತಿರುವುದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಮೇಲೆ. ಅವುಗಳ ಗಾಯಕ್ಕೆ ಮೂವತ್ತೊಂದು ವರ್ಷದಿಂದ ಮುಲಾಮು ಹಚ್ಚುತ್ತಿರುವುದು ಈ ಒಂದು ಜೊತೆ ಕೈ. ಹೊರಗಿನಿಂದ ಬಂದವರು ಈ ಕಟ್ಟಡಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಏಣಿಯ ಮೇಲೆ ಕೆಲಸ ಮಾಡುತ್ತಿರುವ ಸುಣ್ಣದಕ್ಕ ಫೋಟೋದಲ್ಲಿ ಬೀಳುತ್ತಾರೆ ಅನ್ನಿಸಿದರೆ, "ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ" ಎನ್ನುತ್ತಾರೆ. ಸುಣ್ಣದಕ್ಕ ಹೋಗುತ್ತಾರೆ. ಈ ಊರು ಅವರನ್ನು ಪಕ್ಕಕ್ಕೆ ಸರಿಸಿದ್ದು ಸಾಕು ಅನ್ನುವುದು ನನ್ನ ಸಿಟ್ಟು.

ಈ ಕೆಲಸ ಇವರಿಗೆ ಬಂದದ್ದು ಮಾವನಿಂದ. ಮಾವ ಪುರಸಭೆಯ ಗಾರೆ ಕೆಲಸಗಾರ. ಮಗನಿಗೆ ಕಲಿಸಲು ಹೊರಟರೆ ಆತ ನೀರಿನ ಟ್ಯಾಂಕರ್ ಓಡಿಸುತ್ತೇನೆಂದು ಜಾರಿಕೊಂಡ. ಮದುವೆಯಾಗಿ ಬಂದ ಎರಡನೇ ತಿಂಗಳಿಗೇ ಸೊಸೆ ಕರಣೆ ಹಿಡಿದರು. "ಮಾವ ಎರಡು ವರ್ಷ ನಂಗೆ ಬರೀ ಗೋಡೆ ಬಡಿಯೋದನ್ನೇ ಕಲಿಸಿದ್ರು. ಕೇಳೋಕೆ ಬರದೇ ಇರೋರು ಮೆತ್ತೋಕೆ ಹೋಗ್ಬಾರ್ದು ಅಂತಿದ್ರು" ಎಂದು ನೆನೆಯುತ್ತಾರೆ. ಮಾವ ತೀರಿಕೊಂಡು ಎಂಟು ವರ್ಷವಾಯಿತು. ಗಂಡ ಈಗಲೂ ಟ್ಯಾಂಕರ್ ಓಡಿಸುತ್ತಾರೆ. ಹೆಂಡತಿ ತನಗಿಂತ ಗೋಡೆಯ ಜೊತೆಗೇ ಹೆಚ್ಚು ಮಾತಾಡುತ್ತಾಳೆ ಅನ್ನುವುದು ಅವರ ದೂರು. "ಗೋಡೆ ಹೇಳಿದ್ದನ್ನೇ ಹೇಳಲ್ಲ" ಅನ್ನುವುದು ಹೆಂಡತಿಯ ಉತ್ತರ.

ಅವಸರದವರಿಗೆ ಒಗ್ಗುವ ಕೆಲಸ ಇದಲ್ಲ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಗುಂಡಿ ಕೊತಕೊತ ಕುದಿಯುತ್ತದೆ. ಅದು ಆರಿದ ಮೇಲೆ ಮೂರು ತಿಂಗಳು ನೀರಿನಡಿ ಇಡಬೇಕು. ಬೆಣ್ಣೆಯ ಹದಕ್ಕೆ ಬಂದಾಗ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಒಂದು ಸಲಕ್ಕೆ ಬೆರಳಿನ ದಪ್ಪಕ್ಕಿಂತ ಹೆಚ್ಚು ಮೆತ್ತುವಂತಿಲ್ಲ. ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಒಂದು ವಾರ, ಆ ವಾರವಿಡೀ ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಬೇಕು. ಗಡಿಯಾರದ ಗೋಪುರದ ಕೆಲಸವಿದ್ದಾಗ ಆ ನಾಲ್ಕು ಸಲಕ್ಕೆ ಅರವತ್ತಮೂರು ಮೆಟ್ಟಿಲು ಹತ್ತಬೇಕು, ಬಿಂದಿಗೆ ಹೊತ್ತು. ಸುಣ್ಣದಕ್ಕನ ಬೆರಳ ತುದಿಯ ಚರ್ಮ ಸುಟ್ಟು ಸುಟ್ಟು ನುಣ್ಣಗಾಗಿದೆ. ಆಧಾರ್‌ಗೆ ಬೆರಳು ಕೊಡಲು ಹೋದರೆ ಬೆರಳಚ್ಚಿನ ಯಂತ್ರ ಇವರನ್ನು ಗುರುತಿಸುವುದೇ ಇಲ್ಲ. ಹನ್ನೆರಡು ವರ್ಷದ ಹಿಂದೆ ಕುದಿಯುವ ಗುಂಡಿಯಿಂದ ಒಂದು ತೊಟ್ಟು ಹಾರಿ ಎಡಗಣ್ಣಿಗೆ ಬಿತ್ತು. ಅದರಲ್ಲಿ ಈಗ ನೆರಳಷ್ಟೇ ಕಾಣುತ್ತದೆ. "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ನಂಗೆ ಸುಣ್ಣ ಬಂದಾಯ್ತು. ಬೆಣ್ಣೆಗೆ ಇನ್ನೂ ಕಾಯ್ತಿದೀನಿ" ಎಂದು ನಗುತ್ತಾರೆ.

ಇಂಥವರ ಮೇಲೆ ಪುರಸಭೆ ಈಗ 'ಸಾರ್ವಜನಿಕ ಆಸ್ತಿಗೆ ಹಾನಿ' ಎಂಬ ಆರೋಪ ಹೊರಿಸಿದೆ. ಕತೆ ಶುರುವಾಗುವುದು ಎರಡು ವರ್ಷದ ಹಿಂದೆ. ಲೈಬ್ರರಿ ಲಕಲಕ ಹೊಳೆಯಬೇಕೆಂದು ಯಾರಿಗೋ ಅನ್ನಿಸಿತು. ಒಬ್ಬ ಗುತ್ತಿಗೆದಾರ ಬಂದು, ಉತ್ತರದ ಗೋಡೆಗೆ ಹೊರಗಿನಿಂದ ಸಿಮೆಂಟು ಮೆತ್ತಿ, ಎಣ್ಣೆ ಬಣ್ಣ ಬಳಿದು, ಊರಿನ ಮೂಗಿಗೆ ತುಪ್ಪ ಸವರಿ ಹೋದ. ಮೇಲೆಲ್ಲಾ ಥಳಕು, ಒಳಗೆಲ್ಲಾ ಹುಳುಕು. ಹಳೆಯ ಗೋಡೆ ನೆಲದಿಂದ ಹೀರಿದ ನೀರನ್ನು ಮೈಯಿಂದಲೇ ಹೊರಗೆ ಬಿಡುತ್ತದೆ. ಸುಣ್ಣ ಅದಕ್ಕೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಹೊರಗೆ ದಾರಿ ಮುಚ್ಚಿದ ನೀರು ಒಳಗೆ ತಿರುಗಿತು. ಓದುವ ಕೋಣೆಯಲ್ಲಿ ಎದೆಮಟ್ಟಕ್ಕೆ ಗೋಡೆ ಬೆವರಿತು, ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ಎಂಜಿನಿಯರ್ ಬಂದು ನೋಡಿ, ಕಟ್ಟಡಕ್ಕೆ ವಯಸ್ಸಾಗಿದೆ, ಕೆಡವುವುದೇ ಸರಿ ಎಂದು ವರದಿ ಬರೆದರು.

"ಹೊದಿಕೆ ಹೊದ್ದು ಬೆವರೋರಿಗೆ ಜ್ವರ ಅಂತ ಹೇಳಿ ಸುಡುಗಾಡಿಗೆ ಕಳಿಸ್ತಾರಾ? ಮೊದಲು ಹೊದಿಕೆ ತೆಗೀಬೇಕು ತಾನೇ" ಎಂದು ಸುಣ್ಣದಕ್ಕ ಕೇಳುತ್ತಾರೆ. ಸಿಮೆಂಟು ತೆಗೆಯಲು ಅನುಮತಿ ಕೊಡಿ ಎಂದು ಮೂರು ಅರ್ಜಿ ಕೊಟ್ಟರು. ಮೂರನ್ನೂ ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ನಾಲ್ಕನೆಯದನ್ನು ಇವರು ಉಳಿಯಲ್ಲೇ ಬರೆದರು. ಹನ್ನೊಂದು ಬೆಳಗು, ಬೆಳಕು ಹರಿಯುವ ಹೊತ್ತಿಗೆ ಬಂದು, ಗಾರೆ ಕಲಸುವ ನಾದಿನಿಯನ್ನು ಜೊತೆಗಿಟ್ಟುಕೊಂಡು, ಇಡೀ ಗೋಡೆಯ ಸಿಮೆಂಟನ್ನು ಕಿತ್ತು ಹಾಕಿದರು. ಹಾದುಹೋದವರೆಲ್ಲ ಪುರಸಭೆಯದೇ ಕೆಲಸ ಅಂದುಕೊಂಡರು. ದುಡಿಯುವವರನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ ಎಂಬುದರಿಂದ ಒಂದು ಸಲವಾದರೂ ಲಾಭವಾಯಿತು.

ಹನ್ನೆರಡನೇ ದಿನ ನೋಟೀಸು ಬಂತು. ನಲವತ್ತು ದಿನದೊಳಗೆ ಮತ್ತೆ ಸಿಮೆಂಟು ಹಾಕಬೇಕು, ಇಲ್ಲವೇ ಕೆಲಸ ಬಿಡಬೇಕು. ನಲವತ್ತನೇ ದಿನ ಸಮಿತಿ ಬಂದು ನೋಡುತ್ತದೆ. ಅಷ್ಟರಲ್ಲಿ ಗೋಡೆ ಒಣಗದಿದ್ದರೆ ಎಂಜಿನಿಯರ್ ವರದಿಯಂತೆ ಲೈಬ್ರರಿಯನ್ನೇ ಕೆಡವಲಾಗುತ್ತದೆ. ಸುಣ್ಣದಕ್ಕ ಸಿಮೆಂಟನ್ನೂ ಹಾಕಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಒಂದು ಪೆನ್ಸಿಲ್ ತಂದರು.

ನಾನು ಅವರನ್ನು ಕಂಡದ್ದು ನೋಟೀಸು ಬಂದ ಮೂವತ್ತಮೂರನೇ ದಿನ. ಲೈಬ್ರರಿಯನ್ನು ನೋಡಿಕೊಳ್ಳುವ ಮೇಡಂ ಇವರಿಗಾಗಿಯೇ ಆರು ಗಂಟೆಗೆ ಬಾಗಿಲು ತೆಗೆಯುತ್ತಾರೆ. ಕಪಾಟುಗಳನ್ನೆಲ್ಲ ಕೋಣೆಯ ನಡುವಿಗೆ ಎಳೆದಿದ್ದಾರೆ. ಬೆತ್ತಲಾದ ಒಳಗೋಡೆಯ ಮೇಲೆ, ದಿನಕ್ಕೊಂದರಂತೆ, ಒದ್ದೆಯ ಅಂಚು ಎಲ್ಲಿದೆಯೋ ಅಲ್ಲಿ ಒಂದು ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು. ಮಕ್ಕಳ ಎತ್ತರ ಗುರುತು ಹಾಕುತ್ತೇವಲ್ಲ, ಹಾಗೆ. ಇಲ್ಲಿ ಮಾತ್ರ ಗೆರೆ ಇಳಿಯುತ್ತದೆ. ಎದೆಮಟ್ಟದಲ್ಲಿ ಶುರುವಾದದ್ದು ಈಗ ಮೊಣಕಾಲಿನ ಹತ್ತಿರ ಬಂದಿದೆ. "ನಾನು ಮಾತಾಡಿದ್ರೆ ಯಾರೂ ಕೇಳಲ್ಲ. ಗೋಡೇನೇ ಹೇಳ್ಲಿ ಅಂತ ಬಿಟ್ಟಿದೀನಿ" ಎನ್ನುತ್ತಾರೆ.

ಆದರೆ ಪೂರ್ವದ ಮೂಲೆಯಲ್ಲಿ ಗೆರೆಗಳು ಇಳಿದಿಲ್ಲ. ಮೂವತ್ತಮೂರೂ ಎದೆಮಟ್ಟದಲ್ಲೇ ಒಂದರ ಮೇಲೊಂದು ಬಿದ್ದಿವೆ. "ಆ ಮೂಲೆಯ ಪುಸ್ತಕಗಳಿಗೆ ಮಾತ್ರ ಇಪ್ಪತ್ತು ವರ್ಷದಿಂದ ಶೀತ" ಎಂದು ಮೇಡಂ ಹೇಳುತ್ತಾರೆ. ಸುಣ್ಣದಕ್ಕ ಸುತ್ತಿಗೆ ಎತ್ತಿಕೊಳ್ಳುತ್ತಾರೆ. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಅದೇ ಮೂಲೆಯನ್ನು ಹೊರಗಿನಿಂದ ಬಡಿಯುತ್ತಾರೆ. ಮೇಲೆ ಕಾಣುವುದು ಸುಣ್ಣವೇ. ಸದ್ದು ಮಾತ್ರ ಖಣ್ ಎನ್ನುತ್ತದೆ.

"ಇದು ಗುತ್ತಿಗೆದಾರಂದಲ್ಲ. ಇದು ನಂದು" ಎನ್ನುತ್ತಾರೆ.

ಇಪ್ಪತ್ತೆರಡು ವರ್ಷದ ಹಿಂದೆ ಮಳೆನೀರಿನ ಕೊಳವೆ ಕಿತ್ತ ಜಾಗದಲ್ಲಿ ಅಲ್ಲೊಂದು ತೂತು ಬಿದ್ದಿತ್ತು. ಮಾವ ಜ್ವರ ಬಂದು ಮಲಗಿದ್ದರು. ಮರುದಿನ ಯಾರೋ ದೊಡ್ಡವರು ಬರುವವರಿದ್ದರು. ಸುಣ್ಣ ಒಂದು ದಿನಕ್ಕೆ ಗಟ್ಟಿಯಾಗುವುದಿಲ್ಲ. ಸೊಸೆ ಸಿಮೆಂಟು ತುಂಬಿ, ಮೇಲೆ ತೆಳ್ಳಗೆ ಸುಣ್ಣ ಸವರಿ, ಗುಟ್ಟು ಮುಚ್ಚಿದರು. ಗಾರೆಯವರು ಮಾತ್ರ ಮಾಡಬಲ್ಲ ತಪ್ಪು ಅದು, ಕಣ್ಣಿಗೆ ಕಾಣುವುದಿಲ್ಲ. ಮೊನ್ನೆ ಗುತ್ತಿಗೆದಾರನ ಪದರ ಕಿತ್ತಾಗಲೂ, ಕೆಳಗೆ ಸುಣ್ಣ ಕಂಡಿತೆಂದು ಅಲ್ಲಿಗೇ ನಿಲ್ಲಿಸಿದ್ದರು. ಮರೆತಿದ್ದಿರಾ ಎಂದು ಕೇಳಿದೆ. "ಮರೆತಿರ್ಲಿಲ್ಲ. ಮರೆತ ಹಾಗೆ ಇದ್ದೆ" ಎಂದರು.

ಈಗ ಅದು ಬಾಯಲ್ಲಿಟ್ಟ ಬಿಸಿತುಪ್ಪ. ಸುಮ್ಮನಿದ್ದರೆ, ಸಿಮೆಂಟು ತೆಗೆದರೂ ಗೋಡೆ ಒಣಗಲಿಲ್ಲ ಎಂದು ಆ ಮೂಲೆಯನ್ನೇ ತೋರಿಸಿ ಲೈಬ್ರರಿ ಕೆಡವುತ್ತಾರೆ. ಬಾಯಿ ಬಿಟ್ಟರೆ, ಮೂವತ್ತೊಂದು ವರ್ಷದ ಹೆಸರು ಒಂದೇ ಮಾತಿಗೆ ಹೋಗುತ್ತದೆ. ಗಾರೆ ಕಲಸುತ್ತಿದ್ದ ನಾದಿನಿ ತಲೆ ಎತ್ತದೆ ಹೇಳಿದರು, "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೋಬೇಡಿ ಅತ್ತಿಗೆ. ಅಣ್ಣನ ಹತ್ರಾನೂ ಹೇಳ್ಬೇಡಿ." ಸುಣ್ಣದಕ್ಕ, "ಮರಳು ಜಾಸ್ತಿ ಆಯ್ತು, ನೋಡಿ ಹಾಕು" ಎಂದಷ್ಟೇ ಹೇಳಿದರು.

ನಲವತ್ತನೇ ದಿನ ಹತ್ತು ಗಂಟೆಗೆ ಸಮಿತಿ ಬಂತು. ಅಧ್ಯಕ್ಷರು, ನಾಲ್ವರು ಸದಸ್ಯರು, ತೇವ ಅಳೆಯುವ ಯಂತ್ರ ಹಿಡಿದ ಎಂಜಿನಿಯರ್. ಗೆರೆಗಳನ್ನು ನೋಡಿ ಒಬ್ಬಿಬ್ಬರು ಹುಬ್ಬೇರಿಸಿದರು. ಎಂಜಿನಿಯರ್ ಕೆಟ್ಟವರಲ್ಲ, ಓದಿದ ಪುಸ್ತಕದಲ್ಲಿ ಸುಣ್ಣದ ಪಾಠ ಇರಲಿಲ್ಲ ಅಷ್ಟೆ. ಗೋಡೆಯುದ್ದಕ್ಕೂ ಯಂತ್ರ ಒತ್ತುತ್ತಾ ಹೋದರು. ಅದು ಸುಮ್ಮನಿತ್ತು. ಪೂರ್ವದ ಮೂಲೆಗೆ ಬಂದ ಕೂಡಲೇ ಕೀ ಎಂದು ಕೂಗಿಕೊಂಡಿತು.

"ನೋಡಿ ಅಕ್ಕ, ಇಲ್ಲೂ ಸಿಮೆಂಟು ತೆಗೆದಿದೀರಿ. ಆದ್ರೂ ಒದ್ದೆ. ಅಂದ್ಮೇಲೆ ತಪ್ಪು ಸಿಮೆಂಟಿಂದಲ್ಲ, ಗೋಡೇದೇ" ಎಂದರು ಎಂಜಿನಿಯರ್.

"ಇಲ್ಲಿ ತೆಗೆದಿಲ್ಲ ಸರ್. ಇಲ್ಲಿ ಒಳಗೆ ಇನ್ನೂ ಸಿಮೆಂಟಿದೆ" ಎಂದರು ಸುಣ್ಣದಕ್ಕ. "ಇಪ್ಪತ್ತೆರಡು ವರ್ಷದ ಹಿಂದೆ ಹಾಕಿದ್ದು. ಹಾಕಿದ್ದು ನಾನು."

ಸುಣ್ಣದಕ್ಕ ಉಳಿ, ಸುತ್ತಿಗೆ ಹಿಡಿದು ಹೊರಗೆ ಹೋದರು, ನಾವೆಲ್ಲ ಹಿಂದೆ ಹೋದೆವು. "ಯಾರು ಹೇಳಿದ್ರು ನಿಮಗೆ ಕೀಳೋಕೆ? ಅನುಮತಿ ಎಲ್ಲಿದೆ?" ಎಂದು ಅಧ್ಯಕ್ಷರು ಕೇಳುವಷ್ಟರಲ್ಲಿ ಸುಣ್ಣದ ಸಿಪ್ಪೆ ಉದುರಿತ್ತು. ಕೆಳಗೆ ಬೂದುಬಣ್ಣದ ಗಡ್ಡೆ. ಎಂಟು ಪೆಟ್ಟಿಗೆ ಅದು ಇಡಿಯಾಗಿ ಕಿತ್ತು ಬಂತು. ಅದರ ಹಿಂದಿನ ಇಟ್ಟಿಗೆ ಕಪ್ಪಗೆ ನೆನೆದಿತ್ತು, ಬೆರಳು ಒತ್ತಿದರೆ ಪುಡಿಯಾಗುತ್ತಿತ್ತು. ಒಂದು ಗೇಣು ಆಚೆಗೆ ಸುಣ್ಣವನ್ನೂ ಕೆರೆದು ತೋರಿಸಿದರು, ಅದರ ಹಿಂದಿನ ಇಟ್ಟಿಗೆ ಕೆಂಪಗೆ ಒಣಗಿ ನಿಂತಿತ್ತು.

"ಒಂದು ಕೈಯಗಲ ಹಾಕಿದ್ದಕ್ಕೆ ಇಪ್ಪತ್ತೆರಡು ವರ್ಷದಲ್ಲಿ ಇಟ್ಟಿಗೆ ಹೀಗಾಯ್ತು. ನೀವು ಇಡೀ ಗೋಡೆಗೆ ಹಾಕಿ ಅಂತಿದೀರಿ" ಎಂದರು. ದನಿ ಏರಿಸಲಿಲ್ಲ. "ನನ್ನ ಶಿಕ್ಷೆ ನಂಗೆ ಕೊಡಿ. ಗೋಡೆಗೆ ಕೊಡ್ಬೇಡಿ."

ಎಂಜಿನಿಯರ್ ಬಗ್ಗಿ ಆ ನೆನೆದ ಇಟ್ಟಿಗೆಯನ್ನು ಮುಟ್ಟಿ ನೋಡಿದರು. ಮತ್ತೆ ಆಚೆಯ ಒಣಗಿದ್ದನ್ನು ಮುಟ್ಟಿದರು. ಯಂತ್ರವನ್ನು ಜೇಬಿಗೆ ಹಾಕಿಕೊಂಡು, "ನನ್ನ ವರದಿ ವಾಪಸ್ ತಗೋತೀನಿ ಸರ್" ಎಂದರು. ಅಷ್ಟು ಹೇಳಲು ಅವರಿಗೂ ಧೈರ್ಯ ಬೇಕಾಗಿತ್ತು ಅನ್ನುವುದನ್ನು ನಾನು ಒಪ್ಪುತ್ತೇನೆ.

ಲೈಬ್ರರಿ ಉಳಿಯಿತು. ಗೋಡೆಗೆ ಸುಣ್ಣದ ಗಾರೆಯೇ ಆಗಲಿ ಎಂದು ಸಮಿತಿ ಬರೆಯಿತು. ಸುಣ್ಣದಕ್ಕನ ಕೆಲಸವೂ ಉಳಿಯಿತು. ಹಾಗೆಂದು ಯಾರೂ ಶಾಲು ಹೊದಿಸಲಿಲ್ಲ. ಅನುಮತಿಯಿಲ್ಲದೆ ಗೋಡೆ ಮುಟ್ಟಿದ್ದಕ್ಕೆ ಮತ್ತು ಹಳೆಯ ತಪ್ಪಿಗೆ ಸೇರಿಸಿ, ಒಂದು ಛೀಮಾರಿ ಪತ್ರ ಸಿದ್ಧವಾಯಿತು. ಎರಡು ವರ್ಷದ ಹಿಂದೆ ಇಡೀ ಗೋಡೆಗೆ ಸಿಮೆಂಟು ಮೆತ್ತಿಸಿದವರಿಗೆ ಯಾವ ಪತ್ರವೂ ಹೋದ ಹಾಗಿಲ್ಲ.

ಮಧ್ಯಾಹ್ನ ಪುರಸಭೆಯ ಗುಮಾಸ್ತರ ಮೇಜಿನ ಮುಂದೆ ಸುಣ್ಣದಕ್ಕ ಆ ಪತ್ರವನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ಪೂರ್ತಿ ಓದುತ್ತಾರೆ. ಪೆನ್ನು ತೆಗೆದುಕೊಂಡು ಸಹಿ ಹಾಕುತ್ತಾರೆ. ಸಹಿಯ ಕೆಳಗೆ ಇನ್ನೂ ಎರಡು ಸಾಲು ಬರೆಯುತ್ತಾರೆ. ಗುಮಾಸ್ತರು ಕಾಗದ ತಿರುಗಿಸಿಕೊಂಡು ಓದುತ್ತಾರೆ. 'ಹಾಕಿದ್ದೂ ನಾನೇ, ಕಿತ್ತದ್ದೂ ನಾನೇ. ಮತ್ತೆ ಯಾರಾದರೂ ಹಾಕಿದರೆ ಮತ್ತೆ ಕೀಳುತ್ತೇನೆ.'

"ಅಕ್ಕ, ಇದು ಫೈಲಿಗೆ ಹೋಗತ್ತೆ. ಶಾಶ್ವತವಾಗಿ ಉಳಿಯತ್ತೆ" ಎಂದು ಗುಮಾಸ್ತರು ದನಿ ತಗ್ಗಿಸುತ್ತಾರೆ.

"ಉಳೀಲಿ ಅಂತಾನೇ ಬರೆದೆ" ಎನ್ನುತ್ತಾರೆ ಸುಣ್ಣದಕ್ಕ. "ನನ್ನ ನಂತರ ಬರೋರು ಗೋಡೆ ಮುಟ್ಟೋಕೆ ಮುಂಚೆ ಅದನ್ನ ಓದ್ಲಿ."