ವಿಟ್ಲದ ಬೀಗಿತಿ

ಕಳೆದ ಸೋಮವಾರ ನನ್ನ ಮೇಜಿನ ಮೇಲೆ ಒಂದು ಪುಟ್ಟ ಪೊಟ್ಟಣ ಬಂದು ಕೂತಿತು. ತಂದವಳು ವಿಟ್ಲದ ಒಬ್ಬ ಹೆಂಗಸು. "ಅತ್ತೆ ಕೊಡ್ಲಿಕ್ಕೆ ಹೇಳಿದ್ರು" ಎಂದಷ್ಟೇ ಹೇಳಿದಳು. ಕೂತುಕೊಳ್ಳಿ ಎಂದು ನಾನು ಹೇಳುವುದಕ್ಕೆ ಕಾಯದೆ ಹೊರಟುಹೋದಳು. ನಾನು ಹೇಳುತ್ತಲೂ ಇರಲಿಲ್ಲ. ಯಾರ ಪೊಟ್ಟಣವೆಂದು ತಿಳಿಯಲು ಬಿಚ್ಚಬೇಕಾಗಿರಲಿಲ್ಲ. ಹೊಗೆಸೊಪ್ಪು, ಸುಣ್ಣ, ಒಣಗಿದ ವೀಳ್ಯದೆಲೆ... ವಾಸನೆಯೇ ಹೇಳಿತು. ಡ್ರಾಯರಿಗೆ ಎಸೆದು ಬೀಗ ಹಾಕಿದೆ. ಮೂಡುಬಿದಿರೆಯಲ್ಲಿ ಹುಡುಗಿಯರ ಒಂದು ಹಾಸ್ಟೆಲಿಗೆ ನಾನು ವಾರ್ಡನ್. ಸಂಜೆ ಏಳಕ್ಕೆ ತಲೆ ಎಣಿಸುತ್ತೇನೆ. ಒಬ್ಬಳು ಐದು ನಿಮಿಷ ತಡವಾದರೂ ಅವಳ ಮನೆಗೆ ಫೋನು ಹೋಗುತ್ತದೆ. ಹುಡುಗಿಯರು ನನಗಿಟ್ಟ ಅಡ್ಡಹೆಸರು ನನಗೆ ಗೊತ್ತಿದೆ, ಅದರಲ್ಲಿ ತಪ್ಪೇನೂ ಇಲ್ಲ.

ಆ ವಾಸನೆಯ ಒಡತಿ ನಮಗೆ ಬೀಗಿತಿ. ಅವರ ಸತ್ತ ಮಗಳನ್ನು ನಮ್ಮ ಅಣ್ಣನಿಗೆ ತಂದುಕೊಂಡದ್ದರಿಂದ ಬಂದ ಸಂಬಂಧ ಅದು.

ಆಗ ನಮ್ಮ ಮನೆ ಪುಂಜಾಲಕಟ್ಟೆಯ ಹತ್ತಿರ. ಅಣ್ಣನಿಗೆ ಹದಿನೇಳು, ನನಗೆ ಒಂಬತ್ತು. ಪರೀಕ್ಷೆಯಲ್ಲಿ ಫೇಲಾದದ್ದನ್ನು ಅವನು ಎರಡು ವಾರ ಮುಚ್ಚಿಟ್ಟಿದ್ದ. ಅದು ಗೊತ್ತಾದ ದಿನ ಅಪ್ಪ ಅವನನ್ನು ಪೇಟೆಯ ನಡುವೆ, ಬಸ್ಸು ಕಾಯುವವರೆಲ್ಲ ನೋಡುತ್ತಿದ್ದಂತೆ, ಕೊಡೆಯ ಹಿಡಿಯಿಂದ ಬಡಿದ. ಮರುದಿನ ಬೆಳಿಗ್ಗೆ ಅಣ್ಣ ಬೆಳ್ತಂಗಡಿಯ ಬಸ್ಸು ಹತ್ತಿದ. ಎಲ್ಲಿ ಇಳಿದನೆಂದು ಯಾರಿಗೂ ಗೊತ್ತಾಗಲಿಲ್ಲ. ಬೊಂಬಾಯಿಗೆ ಓಡಿಹೋಗಿರಬೇಕು, ಯಾವುದೋ ಹೋಟೆಲಿನಲ್ಲಿ ಲೋಟ ತೊಳೆಯುತ್ತಿರಬೇಕು ಎಂದರು ಕೆಲವರು. ಅಪ್ಪನೇ ಕೊಂದು ಎಲ್ಲಾದರೂ ಹಾಕಿರಬೇಕು ಎಂದರು ಇನ್ನು ಕೆಲವರು. ಎರಡನೆಯವರು ನಮ್ಮ ಮುಂದೆ ಹೇಳಲಿಲ್ಲ, ಆದರೆ ನಮಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದರು. ಪೊಲೀಸರು ಒಂದಷ್ಟು ಕಾಲ ಬಂದು ಹೋದರು, ಆಮೇಲೆ ಬರುವುದನ್ನು ಬಿಟ್ಟರು.

ಅಮ್ಮ ಮಾತ್ರ ಬಿಡಲಿಲ್ಲ. ಬಂಟ್ವಾಳದ ಕಡೆಯಿಂದ ಬರುವ ಬಸ್ಸಿಗೆ ಒಮ್ಮೆ, ಬೆಳ್ತಂಗಡಿಯ ಕಡೆಯಿಂದ ಬರುವುದಕ್ಕೆ ಒಮ್ಮೆ, ದಿನವಿಡೀ ರಸ್ತೆಬದಿಗೆ ಹೋಗಿ ನಿಲ್ಲುತ್ತಿದ್ದಳು. ಅಣ್ಣನ ಬಟ್ಟಲಿಗೆ ಗಂಜಿ ಬಡಿಸಿಡುತ್ತಿದ್ದಳು. ಅವನು ಉಣ್ಣದ ಮೇಲೆ ತನಗೂ ಬೇಡ ಎನ್ನುತ್ತಿದ್ದಳು. ನಾಲ್ಕು ವರ್ಷದಲ್ಲಿ ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಆಗ ಅಪ್ಪ ಪ್ರಶ್ನೆ ಇಡಿಸಿದ. ಕವಡೆ ಸರಿಸಿದ ಜ್ಯೋತಿಷಿ, ಹುಡುಗ ಈ ಲೋಕದಲ್ಲಿಲ್ಲ, ಸತ್ತು ಕುಲೆಯಾದವರ ಲೆಕ್ಕದಲ್ಲಿ ಇದ್ದಾನೆ, ಪ್ರಾಯ ಬಂದಿದೆ, ಮದುವೆ ಕೇಳುತ್ತಿದ್ದಾನೆ ಎಂದ. ನಮ್ಮ ಕಡೆ ಮದುವೆಯಾಗದೆ ಸತ್ತವರಿಗೂ ಮನೆಯವರ ಜೊತೆಗೇ ಪ್ರಾಯವಾಗುತ್ತದೆ. ಹೊತ್ತಿಗೆ ಸರಿಯಾಗಿ ಇನ್ನೊಂದು ಮನೆಯ ಸತ್ತವರನ್ನು ಹುಡುಕಿ ಮದುವೆ ಮಾಡದಿದ್ದರೆ ಮನೆಗೆ ನೆಮ್ಮದಿಯಿಲ್ಲ. ಹಾಗೆ ಹುಡುಕಿದಾಗ ಸಿಕ್ಕವರು ವಿಟ್ಲದ ಈ ಹೆಂಗಸು. ಆರು ವರ್ಷದ ಮಗಳು ಜ್ವರದಲ್ಲಿ ಹೋಗಿದ್ದಳು. "ಬರುವ ತಿಂಗಳು ಹದಿನೆಂಟು ತುಂಬ್ತದೆ" ಎಂದರು, ಹುಡುಗಿ ಒಳಗೆ ತಲೆ ಬಾಚಿಕೊಳ್ಳುತ್ತಿದ್ದಾಳೆ ಎನ್ನುವ ಹಾಗೆ.

ಅವರು ಮನೆ ನೋಡಲು ಬಂದ ದಿನವೇ ನನಗೆ ಅವರನ್ನು ಕಂಡರಾಗಲಿಲ್ಲ. ದೊಡ್ಡ ದೇಹ, ಕೆಂಪು ಬಾಯಿ, ಸೊಂಟದಲ್ಲಿ ಎಲೆಯಡಿಕೆಯ ಚೀಲ. ಬಾವಿಗೆ ಬಗ್ಗಿ ನೋಡಿದರು. ಅಡಿಗೆಮನೆಯ ಹೊಗೆ ಎಲ್ಲಿ ಹೋಗುತ್ತದೆಂದು ಕೇಳಿದರು. ಅಣ್ಣನ ಫೋಟೋ ಕೈಗೆ ತೆಗೆದುಕೊಂಡು, ಎತ್ತರ ಎಷ್ಟು, ಸಿಟ್ಟು ಉಂಟೋ, ಕುಡಿತ ಉಂಟೋ ಎಂದು ವಿಚಾರಿಸಿದರು. ಸತ್ತವನೆಂದು ಇವರೇ ಒಪ್ಪಿದ ಮೇಲೆ ಅವನು ಕುಡಿದರೆಷ್ಟು ಬಿಟ್ಟರೆಷ್ಟು! ನನಗಾಗ ಹದಿಮೂರು. ಅಮ್ಮ ಹಿತ್ತಿಲಲ್ಲಿದ್ದಳು. ನಾನು ಚಾವಡಿಯ ಬಾಗಿಲ ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದೆ.

ಆಗ ಅವರು ಧ್ವನಿ ತಗ್ಗಿಸಿ, "ಬೀಗರೇ, ಒಂದು ಮಾತು. ಹುಡುಗ ಹೋದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಾ?" ಎಂದರು. ಬದುಕಿದ್ದವನಿಗೆ ತನ್ನ ಮಗಳನ್ನು ಕೊಡುವ ಹಾಗಿಲ್ಲ, ಕೊಟ್ಟರೆ ಅವಳು ಅವನನ್ನು ತನ್ನ ಕಡೆಗೆ ಕರೆದುಕೊಂಡುಬಿಡುತ್ತಾಳೆ, ಆ ಪಾಪ ತನಗೆ ಬೇಡ ಎಂದೂ ಹೇಳಿದರು.

ಅಪ್ಪ ಅಣ್ಣನ ಫೋಟೋವನ್ನು ಅವರ ಕೈಯಿಂದ ವಾಪಸು ತೆಗೆದುಕೊಂಡ.

"ಕಂಡಿದ್ದೇನೆ" ಎಂದ.

"ಎಲ್ಲಿ?"

"ಅದೊಂದು ಕೇಳ್ಬೇಡಿ."

ಅವರು ಚೀಲ ಬಿಚ್ಚಿ ಎಲೆಗೆ ಸುಣ್ಣ ಸವರಿದರು. ಹೊಗೆಸೊಪ್ಪಿನ ವಾಸನೆ ಬಾಗಿಲ ಸಂದಿಯಿಂದ ನನ್ನ ಮೂಗಿಗೆ ಬಡಿಯಿತು. "ಆಗಲಿ ಹಾಗಾದ್ರೆ" ಎಂದರು.

ಕೊಡೆಯ ಹಿಡಿಯನ್ನೂ "ಕಂಡಿದ್ದೇನೆ"ಯನ್ನೂ ಕೂಡಿಸಲು ಹದಿಮೂರರ ಹುಡುಗಿಗೆ ಎಷ್ಟು ಹೊತ್ತು ಬೇಕು? ಅಂದಿನಿಂದ ಅಪ್ಪನ ಮುಖಕ್ಕೆ ಮುಖ ಕೊಟ್ಟು ಮಾತಾಡಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಅಪ್ಪನನ್ನು ದ್ವೇಷಿಸಿದೆ. ಆ ಮಾತನ್ನು ಅವನ ಬಾಯಿಂದ ಹೊರಡಿಸಿ ನನ್ನ ಕಿವಿಗೆ ಹಾಕಿದ ಆ ಹೆಂಗಸನ್ನು ಅದಕ್ಕಿಂತ ಹೆಚ್ಚು ದ್ವೇಷಿಸಿದೆ.

ಮದುವೆ ಆಷಾಢದ ಹೊತ್ತಿನ ಆಟಿ ತಿಂಗಳಲ್ಲಾಯಿತು. ಮಕ್ಕಳು, ಮದುವೆಯಾಗದವರು ಅದನ್ನು ನೋಡಬಾರದೆಂದು ನನ್ನನ್ನು ಪಕ್ಕದ ಮನೆಗೆ ಅಟ್ಟಿದರು. ಎರಡು ಮಣೆ ಇಟ್ಟು, ಒಂದರ ಮೇಲೆ ಪಂಚೆ, ಒಂದರ ಮೇಲೆ ಸೀರೆ ಮಡಚಿಟ್ಟು, ಹಾರ ಬದಲಿಸಿ ಧಾರೆ ಎರೆದರಂತೆ. ಅಪ್ಪ ಬಂಟ್ವಾಳದಿಂದ ತಂದ ಕರಿಮಣಿಯನ್ನು ಬೀಗಿತಿ, ಮಗಳಿಗೆ ನಾನೇ ಕಟ್ಟುತ್ತೇನೆ ಎಂದು ಇಸಿದುಕೊಂಡು, ಹಾರದ ಕೆಳಗೆ ಕೈಯಿಟ್ಟು ಸೀರೆಗೆ ಕಟ್ಟಿದರಂತೆ. ಇದೆಲ್ಲ ಅಮ್ಮ ಹೇಳಿದ್ದು. ಆ ರಾತ್ರಿ ಅಮ್ಮ ಅಣ್ಣನ ಬಟ್ಟಲಿಗೆ ಬಡಿಸಲಿಲ್ಲ. ತಾನು ಉಂಡಳು, ಎರಡನೇ ಸಲ ಬಡಿಸಿಕೊಂಡು ಉಂಡಳು. ರಸ್ತೆಬದಿಗೆ ಹೋಗುವುದೂ ನಿಂತಿತು. ಆಮೇಲೆ ಹನ್ನೊಂದು ವರ್ಷ ಬದುಕಿದಳು.

ಪ್ರತಿ ಆಟಿಗೂ ಬೀಗಿತಿ ಬರುತ್ತಿದ್ದರು, ನನ್ನನ್ನು "ನನ್ನ ಮಗಳ ನಾದಿನಿ" ಎಂದು ಕರೆಯುತ್ತಿದ್ದರು. ಒಂದು ವರ್ಷ ಅವರ ಚಪ್ಪಲಿಯನ್ನು ಗೊಬ್ಬರದ ಗುಂಡಿಗೆ ಎಸೆದೆ. ಬರಿಗಾಲಲ್ಲೇ ಬಸ್ಸು ಹತ್ತಿದರು. ಮುಂದಿನ ವರ್ಷ ಬರುವಾಗ ಸವೆದ ಹಳೇ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಅಮ್ಮ ಹೋದ ಮೇಲೆ ನಾನು ಅಪ್ಪನನ್ನು ಕರೆದುಕೊಂಡು ಮೂಡುಬಿದಿರೆಗೆ ಬಂದೆ; ಅವರ ಬರುವಿಕೆಯೂ ನಿಂತಿತು. ನನಗೆ ಮದುವೆಯಾಗಲಿಲ್ಲ. ಸತ್ತ ಮಗನಿಗೆ ಹೆಣ್ಣು ಹುಡುಕಿದವರಿಗೆ ಬದುಕಿದ ಮಗಳಿಗೆ ಗಂಡು ಸಿಗಲಿಲ್ಲ. ಕೊಲೆಗಾರನ ಮನೆಯೆಂದು ಬಂದವರೆಲ್ಲ ಕಾಫಿ ಕುಡಿದು ಎದ್ದುಹೋದರು.

ಈ ವರ್ಷ ಯಾರೋ ಪುಣ್ಯಾತ್ಮರು ಮೂಗರ್ಜಿ ಬರೆದರು. ಹುಡುಗ ಸತ್ತದ್ದು ಗೊತ್ತಿಲ್ಲದಿದ್ದರೆ ನಾಲ್ಕೇ ವರ್ಷಕ್ಕೆ ಸತ್ತವರ ಮದುವೆ ಮಾಡಿಸಿದ್ದೇಕೆ ಎಂದು. ಕಡತ ಮತ್ತೆ ತೆರೆಯಿತು. ಹೊಸ ಅಧಿಕಾರಿ ಮನೆಗೆ ಬಂದ. ಅಣ್ಣ ಕಾಣೆಯಾದಾಗ ಹುಟ್ಟಿಯೂ ಇರದ ಹುಡುಗ, ನನ್ನ ಎಂಬತ್ತು ದಾಟಿದ ಅಪ್ಪನನ್ನು ಎದುರು ಕೂರಿಸಿ, ಒಂದೇ ಪ್ರಶ್ನೆಯನ್ನು ಹತ್ತು ಬಗೆಯಲ್ಲಿ ಕೇಳಿದ. ಜ್ಯೋತಿಷಿ ಹೇಳಿದ್ದಕ್ಕೆ ಮಾಡಿಸಿದೆ ಎಂದ ಅಪ್ಪ, ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ತಡವರಿಸುತ್ತಾ. ಮೊಬೈಲು ಹಿಡಿದ ಇನ್ನೊಬ್ಬ ನಮ್ಮ ಗೇಟಿನ ಮುಂದೆ ನಿಂತು, ಈ ಮುದುಕನ ಎದೆಯಲ್ಲಿ ಯಾವ ಗುಟ್ಟಿದೆ ಎಂದು ಊರಿಗೆಲ್ಲ ಕೂಗಿ ಹೇಳಿದ. ಅವನ ಮೇಲೆ ಬಕೆಟು ನೀರು ಹೊಯ್ದೆ. ಅದರ ವೀಡಿಯೋವನ್ನೂ ಹಾಕಿದ, ನೋಡಿದವರು ಬಹಳ ಮಂದಿಯಂತೆ.

ನನ್ನನ್ನೂ ಕೇಳಿದರು. ಮದುವೆಯಾಗದವರನ್ನು ಒಳಗೆ ಬಿಟ್ಟಿರಲಿಲ್ಲ ಎಂದೆ. ಅದು ನಿಜವೇ. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಅಧಿಕಾರಿ ಮುಂದೆ ಹೋಗುವುದು ವಿಟ್ಲಕ್ಕೇ. "ಕಂಡಿದ್ದೇನೆ" ಎಂಬ ಮಾತು ಆ ಹೆಂಗಸಿನ ಬಾಯಿಂದ ಬಿದ್ದರೆ ಅಪ್ಪ ಮನೆಗೆ ಮರಳುವುದಿಲ್ಲ. ಬೀಳಲಿ ಎಂದು ಒಂದು ಮನಸ್ಸು, ಬೀಳದಿರಲಿ ಎಂದು ಇನ್ನೊಂದು. ರಜೆ ಹಾಕಿ, ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ, ಅಧಿಕಾರಿಗಿಂತ ಮೊದಲೇ ವಿಟ್ಲಕ್ಕೆ ಹೋದೆ.

ದೊಡ್ಡ ದೇಹ ಕರಗಿ ಪ್ಲಾಸ್ಟಿಕ್ ಕುರ್ಚಿಯ ಒಂದು ಮೂಲೆಗೆ ಬಂದಿತ್ತು. ಚೀಲ ಮಾತ್ರ ಸೊಂಟದಲ್ಲೇ ಇತ್ತು. ಪೊಲೀಸರು ಬಂದು ಕೇಳಿದರೆ ಏನು ಹೇಳುತ್ತೀರಿ ಎಂದೆ.

"ನೀನು ಬಾಗಿಲ ಹಿಂದೆ ಇದ್ದದ್ದು ನನಗೆ ಗೊತ್ತುಂಟು. ಕಾಲು ಕಾಣ್ತಿತ್ತು" ಎಂದರು. "ನಿನ್ನ ಅಪ್ಪ ಕಂಡದ್ದಿಲ್ಲ ಮಾರಾಯ್ತಿ. ಸುಳ್ಳು ಹೇಳಿದ್ದು."

"ನಿಮಗೆ ಹೇಗೆ ಗೊತ್ತು?"

"ನನ್ನ ಮಗಳು ಹೋದದ್ದನ್ನು ನಾನು ಕಂಡವಳಲ್ವಾ. ಕಂಡವರು ಹಾಗೆ ಹೇಳುವುದಿಲ್ಲ. ಎಲ್ಲಿ ಅಂತ ಕೇಳಿದ್ರೆ ಜಾಗ ಹೇಳ್ತಾರೆ, ಮೈಮೇಲೆ ಯಾವ ಅಂಗಿ ಇತ್ತು ಹೇಳ್ತಾರೆ. ಸಾಕು ಅಂದ್ರೂ ನಿಲ್ಲಿಸುವುದಿಲ್ಲ."

ನಾನು ಬಿಡಲಿಲ್ಲ. ಸುಳ್ಳೆಂದು ಆಗಲೇ ಗೊತ್ತಿದ್ದರೆ, ಬದುಕಿರಬಹುದಾದವನಿಗೆ ಮಗಳನ್ನು ಯಾಕೆ ಕೊಟ್ಟಿರಿ, ಆ ಪಾಪ ಬೇಡ ಎಂದವರು ನೀವೇ ಅಲ್ಲವೇ ಎಂದೆ. ಅವರು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದರು. "ಅದು ನನ್ನ ಮಗಳ ವಿಷಯ. ನಿನಗೆ ಎಂತಕ್ಕೆ?" ಎಂದರು. ಸೊಂಟದ ಚೀಲವನ್ನು ಸೆರಗಿನೊಳಗೆ ಸರಿಸಿಕೊಂಡರು.

ಉತ್ತರವೇ ಇಲ್ಲದ್ದರಿಂದ ಮಾತು ಹಾರಿಸಿದರು ಎಂದುಕೊಂಡೆ. ಮುದುಕ ಬೀಗನನ್ನು ಉಳಿಸಲು ಈಗ ಹೊಸದಾಗಿ ಹೊಸೆದ ಕತೆ ಇದು. ಅಪ್ಪನೂ ನೀವೂ ಸೇರಿ ನನ್ನ ಅಣ್ಣನನ್ನು ಎರಡು ಸಲ ಕೊಂದಿರಿ ಎಂದೆ. ಸೊಸೆ ತಂದಿಟ್ಟ ನೀರನ್ನೂ ಬೆಲ್ಲವನ್ನೂ ಮುಟ್ಟದೆ ಎದ್ದು ಬಂದೆ.

ಮರುದಿನ ಹೋದ ಅಧಿಕಾರಿಗೆ ಅವರು ಬೇರೆಯೇ ಹೇಳಿದ್ದರು. ಸಂಬಂಧ ಕೇಳಿಕೊಂಡು ಹೋದದ್ದು ತಾನು, ಬೇಡ ಬೇಡವೆಂದವರನ್ನು ಒಪ್ಪಿಸಿದ್ದು ತಾನು, ಹುಡುಗ ಸತ್ತದ್ದು ಕಂಡೆ ಎಂದು ಬೀಗರು ಯಾವತ್ತೂ ಹೇಳಿಲ್ಲ ಎಂದು. ಅಪ್ಪನನ್ನು ಕರೆಯುವುದು ನಿಂತಿತು. ನಾಲ್ಕು ತಿಂಗಳ ಮೇಲೆ ವಿಟ್ಲದಿಂದ ಫೋನು ಬಂತು: ಬೀಗಿತಿ ತೀರಿಹೋದರು, ಉತ್ತರಕ್ರಿಯೆಯ ಬೊಜ್ಜ ಇಂಥ ದಿನ. ಬೀಗರ ಮನೆಯ ಬೊಜ್ಜಕ್ಕೆ ಹೋಗದಿದ್ದರೆ ಮಾತಾಗುತ್ತದೆ. ಆಗಲಿ ಎಂದುಕೊಂಡೆ. ಅಪ್ಪನಿಗೆ ಸುದ್ದಿಯನ್ನೇ ಹೇಳಲಿಲ್ಲ.

ಪೊಟ್ಟಣ ಎರಡು ದಿನ ಡ್ರಾಯರಿನಲ್ಲಿತ್ತು. ನಿನ್ನೆ ಸಂಜೆ ತಲೆ ಎಣಿಸುವ ಪುಸ್ತಕ ತೆಗೆಯುವಾಗ ಆ ವಾಸನೆ ಮತ್ತೆ ಮೂಗಿಗೆ ಬಡಿಯಿತು. ಸಿಟ್ಟಿನಿಂದಲೇ ಬಿಚ್ಚಿದೆ. ಒಳಗೆ ಬಂಟ್ವಾಳದ ಅಂಗಡಿಯ ಗುಲಾಬಿ ಕಾಗದ. ಆ ಅಂಗಡಿ ಮುಚ್ಚಿ ಎಷ್ಟು ವರ್ಷವಾಯಿತೋ... ಅದರೊಳಗೆ ಒಂದು ಕರಿಮಣಿ ಸರ. ಅಂಗಡಿಯವನು ಸುತ್ತಿದ ಕೆಂಪು ನೂಲು ಹಾಗೇ ಇತ್ತು. ಯಾರೂ ಅದನ್ನು ಬಿಚ್ಚಿರಲಿಲ್ಲ, ಯಾರೂ ಅದನ್ನು ಯಾವುದಕ್ಕೂ ಕಟ್ಟಿರಲಿಲ್ಲ.

ಮದುವೆಯ ದಿನ ಹಾರದ ಕೆಳಗೆ ಹೋದ ಅವರ ಕೈ ಬರಿದಾಗಿತ್ತು. ಅಮ್ಮ ಉಣ್ಣಲಿ ಎಂದು ಮದುವೆ ನಡೆಯಲು ಬಿಟ್ಟಿದ್ದರು. ಅಣ್ಣ ಎಲ್ಲಾದರೂ ಬದುಕಿರಲಿ ಎಂದು ಕರಿಮಣಿಯನ್ನು ಚೀಲಕ್ಕೆ ಹಾಕಿಕೊಂಡಿದ್ದರು. ಅಂದರೆ ಅಪ್ಪನ ಮಾತು ಸುಳ್ಳೆಂದು ಅವರಿಗೆ ಆ ದಿನವೇ ಗೊತ್ತಿತ್ತು. ನಾನು ಕೇಳಿದ ಪ್ರಶ್ನೆಗೆ ಉತ್ತರ ನನ್ನೆದುರಿಗೇ, ಅವರ ಸೊಂಟದಲ್ಲೇ ಇತ್ತು. ಕುಲೆಗಳನ್ನು ನಾನು ನಂಬುವವಳಲ್ಲ. ಅವರು ನಂಬುತ್ತಿದ್ದರು, ನಂಬಿಯೂ ಸ್ವಂತ ಮಗಳನ್ನು ಮದುವೆಯಿಲ್ಲದೆ ಬಿಟ್ಟಿದ್ದರು, ಅವರ ಚಪ್ಪಲಿ ಎಸೆದವಳ ಅಣ್ಣನಿಗಾಗಿ.

ಮನೆಗೆ ಹೋಗಿ ಸರವನ್ನು ಅಪ್ಪನ ಮುಂದಿಟ್ಟೆ. ಕಾಗದ ನೋಡಿದ ಕೂಡಲೇ ಗುರುತು ಹಿಡಿದ. "ಇದು ನಾನು ತಂದದ್ದು" ಎಂದ. ನೂಲನ್ನು ಬೆರಳಿನಿಂದ ತಡವಿ, "ಕಟ್ಟಲಿಲ್ವಾ?" ಎಂದ.

"ಕಟ್ಟಲಿಲ್ಲ. ಕಂಡಿದ್ದೇನೆ ಅಂತ ನೀನು ಹೇಳಿದ್ದು ಸುಳ್ಳು ಅಂತ ಅವರಿಗೆ ಗೊತ್ತಿತ್ತು."

ಅಪ್ಪ ತಲೆಯೆತ್ತಿದ. "ಅದು ನಿನಗೆ ಕೇಳಿಸಿತ್ತಾ?"

"ಹೂಂ."

"ಅದಕ್ಕಾ ಇಷ್ಟು ವರ್ಷ ನೀನು..." ಎಂದು ನಿಲ್ಲಿಸಿದ. ನಾನು ಕಾಲಿನ ಕಡೆ ನೋಡಿದೆ. "ನಿನ್ನ ಅಮ್ಮ ಆ ರಸ್ತೆಬದಿಯಲ್ಲೇ ಸಾಯ್ತಿದ್ದಳು ಮಗಾ" ಎಂದ. ಆಮೇಲೆ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದು ಅಳತೊಡಗಿದ. ಪೊಲೀಸರ ಮುಂದೆ ಅಳದವನು, ಅಮ್ಮ ಸತ್ತಾಗ ಅಳದವನು. ಬದುಕಿದ್ದ ಮಗನನ್ನು ಒಂದು ಸುಳ್ಳಿನಿಂದ ಸತ್ತವಳ ಕೈಗೆ ಕೊಟ್ಟುಬಿಟ್ಟೆ ಎಂದು ಇಷ್ಟು ವರ್ಷ ಅವನೂ ಒಳಗೊಳಗೇ ಬೇಯುತ್ತಿದ್ದನೆಂದು ನನಗೆ ಆಗ ಗೊತ್ತಾಯಿತು. "ಹಾಗಾದ್ರೆ ಅವನನ್ನು ನಾನು ಕೊಟ್ಟದ್ದಿಲ್ಲ" ಎಂದು ಎರಡು ಸಲ ಹೇಳಿದ.

ಇವತ್ತು ಬೆಳಿಗ್ಗೆ ಅಪ್ಪ ನಾನು ಏಳುವ ಮೊದಲೇ ಸ್ನಾನ ಮುಗಿಸಿ, ಬಿಳಿ ಅಂಗಿ ಹಾಕಿಕೊಂಡು, ಕೊಡೆ ಹಿಡಿದು ಜಗಲಿಯಲ್ಲಿ ಕೂತಿದ್ದ. ಎಷ್ಟೋ ವರ್ಷದ ಮೇಲೆ ನನ್ನ ಮುಖ ನೋಡಿ ನಕ್ಕ.

"ವಿಟ್ಲಕ್ಕೆ ಹೋಗುವ. ಬೀಗಿತಿಗೆ ಒಮ್ಮೆ ಕೈಮುಗಿದು ಬರುವ" ಎಂದ.

ಬೀಗಿತಿಯ ಬೊಜ್ಜವೂ ಮುಗಿದಿದೆ ಎಂದು ಹೇಳಬೇಕಿತ್ತು. ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿದೆ. ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಅಪ್ಪ ಎರಡನೇ ಸಲ ಕೇಳಿದ.